ಉಂಡಿಗೊಂದು ದಾರ ಕಟ್ಟು ತಂಗಿ

2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಅಂಚೆ, ಕೊರಿಯರ್ ಮೂಲಕ ಹೊರದೇಶದಿಂದ ಉಡುಗೊರೆ ಅಂತ ಹೇಳಿಕೊಂಡು ಏನೂ ಬರಕೂಡದು. ಎರಡಕ್ಕೆ ಮಾತ್ರ ವಿನಾಯಿತಿ: ಜೀವ ಉಳಿಸುವ ಔಷಧ, ಮತ್ತು ರಾಖಿ. ರಾಖಿಯ ಮಗ್ಗುಲಲ್ಲೇ ಒಂದು ಕಂಸ, ರಾಖಿಗೆ ಸಂಬಂಧಪಟ್ಟ ಉಡುಗೊರೆ ಇದರಲ್ಲಿ ಸೇರಿಲ್ಲ ಅಂತ. ಆ ಕಂಸ ಹಾಕಿದ ಪುಣ್ಯಾತ್ಮನಿಗೆ ಎಷ್ಟು ಜನ ತಂಗಿಯರೋ!

ಕಾರಣ ಇರಲಿಲ್ಲ ಅಂತಲ್ಲ. 5,000 ರೂಪಾಯಿಯೊಳಗಿನ ಉಡುಗೊರೆಗೆ ಆಗ ಸುಂಕ ಇರಲಿಲ್ಲ. ಚೀನಾದ ಶಾಪಿಂಗ್ ಆ್ಯಪ್‌ಗಳ ಮಾಲು ಇದೇ ಕಿಂಡಿಯಲ್ಲಿ ನುಸುಳುತ್ತಿದೆ ಅಂತ ಇಲ್ಲಿನ ವ್ಯಾಪಾರಿಗಳ ದೂರು. ಗ್ವಾಂಗ್‌ಝೌದ ಗೋದಾಮಿನಲ್ಲಿ ಕೂತ ಯಾವನೋ ಅಣ್ಣ ರಾಯಚೂರಿನ ಹುಡುಗಿಗೆ ವಾರಕ್ಕೆರಡು ಕುರ್ತಾ ಉಡುಗೊರೆ ಕಳಿಸುತ್ತಾನೆ, ಆಕೆ ಅದಕ್ಕೆ ದುಡ್ಡೂ ಕೊಡುತ್ತಾಳೆ! ಇಂಥ ಅಂತಃಕರಣಕ್ಕೆ ಕಡಿವಾಣ ಬೇಕೇ ಬೇಕಿತ್ತು. ಬಿದ್ದದ್ದು ಮಾತ್ರ ನಿಜವಾದ ಅಣ್ಣ-ತಂಗಿಯರ ಬಾಯಿಗೆ.

ಈಗ ಸುಂಕದ ಕಟ್ಟೆಯ ಮೇಲೆ ಒಂದು ಲಕೋಟೆ ಬಿಚ್ಚಿದ್ದಾರೆ ಅಂದುಕೊಳ್ಳಿ.

"ತಂಗಿ ಕಳಿಸ್ಯಾಳ್ರೀ ಸಾಹೇಬ್ರ."

"ದಾರ ತಗೊಳ್ರಿ. ಚಾಕಲೇಟಿಗೆ ಸುಂಕ ಕಟ್ರಿ."

"ಈ ಅಕ್ಕಿಕಾಳು?"

ಸಾಹೇಬರು ಕನ್ನಡಕ ಏರಿಸಿದರು. ಕುಂಕುಮ ಹಚ್ಚಿದ ಅಕ್ಕಿ ರಾಖಿಯೋ, ರಾಖಿಗೆ ಸಂಬಂಧಪಟ್ಟ ಉಡುಗೊರೆಯೋ? ಮೇಲಿನವರಿಗೆ ಕಡತ ಹೋಯಿತು.

ರಾಖಿಗೂ ಪೂರ್ತಿ ಮಾಫಿ ಇಲ್ಲ ಮತ್ತೆ. 1962ರ ಕಸ್ಟಮ್ಸ್ ಕಾಯ್ದೆಯ 25(6)ನೇ ಕಲಮಿನ ಪ್ರಕಾರ, ಬೀಳುವ ಸುಂಕ 100 ರೂಪಾಯಿ ದಾಟದಿದ್ದರಷ್ಟೇ ವಸೂಲಿಯಿಲ್ಲ. ಬೆಳ್ಳಿ ರಾಖಿ ಕೊಳ್ಳುವ ತಂಗಿ ಮೊದಲು ಆಡಿಟರನ್ನು ಕಾಣಲಿ. ನಿಷೇಧ ಅಂದೆನಲ್ಲ, ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆಗೆ ಅದೂ ಇಲ್ಲ.

ಚೀನೀ ಮೂಲದ ಬಟ್ಟೆ ಆ್ಯಪ್ ಶೀಇನ್‌ಗೆ 2020ರ ಜೂನ್‌ನಲ್ಲಿ ಬಾಗಿಲು ಹಾಕಿದರು, ಬೇರೆ ಕಾರಣಕ್ಕೆ. 2025ರಲ್ಲಿ ಅದು ರಿಲಯನ್ಸ್ ಕೈಹಿಡಿದು ಹೆಬ್ಬಾಗಿಲಿಂದಲೇ ಬಂತು. ದಾರ ಕೂಡ ಕಟ್ಟಬೇಕಾಗಲಿಲ್ಲ.

ನಮ್ಮ ಉತ್ತರ ಕರ್ನಾಟಕದ ಮಂದಿಗೆ ಅಣ್ಣ-ತಂಗಿ ಹಬ್ಬ ಅಂದರೆ ಪಂಚಮಿ. ಜೋಕಾಲಿ, ಅಳ್ಳಿಟ್ಟು, ಶೇಂಗಾ ಉಂಡಿ. ಅಧಿಸೂಚನೆಯಲ್ಲಿ ಪಂಚಮಿಯ ಸುದ್ದಿಯೇ ಇಲ್ಲ. ಹಾಗಾಗಿ ದುಬೈನ ತಂಗಿಗೆ ಫೋನು ಮಾಡಿ ಹೇಳಿದ್ದೀನಿ: "ಉಂಡಿಗೊಂದು ದಾರ ಕಟ್ಟಿ ಕಳಸವ್ವಾ. ಸಾಹೇಬ್ರ ಮುಂದ ಕೈಗೆ ಕಟ್ಕೊಂಡು ತೋರಿಸ್ತೀನಿ."