ನವಿಲು ಹೋಗಿ ಮಿಂಚುಳ್ಳಿಯಾಗಿದ್ದು

ಮುಂಬಯಿಯಲ್ಲಿ ನವರಾತ್ರಿಗೆ ದೇವಿಗಿಂತ ಮೊದಲು ಬಣ್ಣಗಳ ಪಟ್ಟಿ ಬರುತ್ತದೆ. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ. ಹಳದಿಯ ದಿನ ಲೋಕಲ್ಲಿನ ಲೇಡೀಸ್ ಡಬ್ಬಿ ಚೆಂಡುಹೂವಿನ ಬುಟ್ಟಿ. ಆ ವರ್ಷ ಒಂದು ದಿನ ‘ಮೋರಪಂಖಿ’, ಅಂದರೆ ನವಿಲುಗರಿ ಹಸಿರು. ನನ್ನವಳ ಹತ್ತಿರ ಆ ಬಣ್ಣದ ಸೀರೆಯಿತ್ತು, ಬ್ಲೌಸಿರಲಿಲ್ಲ.

“ದಾದರದಾಗ ಇಳದು ಮ್ಯಾಚಿಂಗ್ ಸೆಂಟರಿನಾಗ ಒಂದ್ ಮೀಟರ್ ತಂದಬಿಡ್ರಿ” ಎಂದು ಸೀರೆಯನ್ನು ಬ್ಯಾಗಿಗೆ ತುರುಕಿದಳು. ಧಾರವಾಡದವಳು, ವಿನಂತಿಯೂ ಅಪ್ಪಣೆಯೂ ಒಂದೇ ದನಿಯಲ್ಲಿ ಬರುತ್ತವೆ.

ನನಗೆ ಗೊತ್ತಿದ್ದ ಹಸಿರು ಎರಡೇ: ತಿಳಿ, ಕಡು. ಸೇಠ್ ಹದಿನಾಲ್ಕು ಹರವಿದ. ಒಂದನ್ನು ಸೀರೆಯ ಮೇಲಿಟ್ಟರೆ ಯಾವುದು ಸೀರೆ, ಯಾವುದು ಬ್ಲೌಸಿನ ಬಟ್ಟೆ ಎಂದೇ ತಿಳಿಯಲಿಲ್ಲ. “ಬಾಹರ್ ಉಜಾಲೇ ಮೇ ದೇಖ್ ಲೋ ಸಾಬ್” ಎಂದು ಅವನೇ ಹೇಳಿದ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದ ಕಣ್ಣಿಗೆ ಬಿಸಿಲು ಯಾಕೆ? ಟ್ಯೂಬ್‌ಲೈಟಿನಡಿಯಲ್ಲೇ ಕತ್ತರಿ ಆಡಿಸಿಬಿಟ್ಟೆ.

ಮನೆಯ ಬಾಲ್ಕನಿಯ ಬಿಸಿಲಿನಲ್ಲಿ ಸೀರೆ ಹಸಿರಾಗೇ ಉಳಿಯಿತು. ಬಟ್ಟೆ ನೀಲಿಗೆ ಪಕ್ಷಾಂತರ ಮಾಡಿತ್ತು.

“ನಾ ನವಿಲ ಅಂದ್ರ ನೀವು ಮಿಂಚುಳ್ಳಿ ತಂದೀರಲ್ರೀ!”

ನನಗೆ ಬಣ್ಣಗುರುಡಿರಬೇಕೆಂದು ಅವಳಿಗೆ ಅನುಮಾನ. ಇದ್ದಿದ್ದರೆ ಚೆನ್ನಾಗಿತ್ತು, ಒಂದು ನೆಪವಾದರೂ ಸಿಗುತ್ತಿತ್ತು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ 1794ರಲ್ಲಿ ತನ್ನ ಬಣ್ಣಗುರುಡಿನ ಬಗ್ಗೆ ಪ್ರಬಂಧವನ್ನೇ ಓದಿದ. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು, ಸತ್ತ ಮೇಲೆ ತೆಗೆದು ನೋಡಿ ಎಂದಿದ್ದ. 1844ರಲ್ಲಿ ನೋಡಿದರೆ ತಿಳಿನೀರು. ಜೋಪಾನವಾಗಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂದದ್ದು 1995ರಲ್ಲಿ: ಹಸಿರಿನ ಜೀನ್ ಅವನಿಗಿರಲೇ ಇಲ್ಲ. ನಾನೋ, ಮಾಟುಂಗಾದ ಕನ್ನಡಕದಂಗಡಿಯಲ್ಲಿ ಚುಕ್ಕಿಗಳೊಳಗೆ ಅಡಗಿಸಿದ ಅಂಕಿಗಳನ್ನೆಲ್ಲ ಮಗ್ಗಿಯ ಹಾಗೆ ಓದಿಬಿಟ್ಟೆ. ಪಾಸಾಗಿ ಅವಮಾನಪಟ್ಟವನು ನಾನೊಬ್ಬನೇ.

ತಪ್ಪು ಲೆಕ್ಕಪತ್ರದ್ದು. ಅಕ್ಷಿಪಟಲದಲ್ಲಿ ಬಣ್ಣ ಹಿಡಿಯುವ ಶಂಕು ಕೋಶಗಳು ಸುಮಾರು 60 ಲಕ್ಷವಿದ್ದರೂ ಅವುಗಳಲ್ಲಿ ಬಗೆ ಮೂರೇ. ಬೆಳಕಿನ ಉದ್ದ, ನಡು, ಗಿಡ್ಡ ಅಲೆಗಳಿಗೆ ಒಂದೊಂದು. (ಉಳಿದ 12 ಕೋಟಿ ಕಡ್ಡಿಯಾಕಾರದವು, ಮಬ್ಬಿನಲ್ಲಿ ದುಡಿಯುತ್ತವೆ, ಬಣ್ಣದ ಉಸಾಬರಿಗೆ ಹೋಗುವುದಿಲ್ಲ. ಸಂಸಾರಕ್ಕೆ ಇಂಥವೇ ವಾಸಿ.) ಮಿದುಳಿಗೆ ವೋಚರುಗಳು ತಲುಪುವುದಿಲ್ಲ, ಮೂರು ಖಾತೆಯ ಮೊತ್ತ ಮಾತ್ರ ತಲುಪುತ್ತದೆ. ಸೀರೆಯ ಬಣ್ಣದ ಪುಡಿ ಬೇರೆ, ಬ್ಲೌಸಿನದು ಬೇರೆ. ಆದರೂ ಟ್ಯೂಬ್‌ಲೈಟಿನಡಿಯಲ್ಲಿ ಮೂರೂ ಮೊತ್ತ ತಾಳೆಯಾದರೆ ‘ಸೇಮ್ ಟು ಸೇಮ್’ ಎಂದು ಸಹಿ ಬೀಳುತ್ತದೆ. ಬಿಸಿಲಿನಲ್ಲಿ ಇರುವ ಅಲೆಗಳ ಪ್ರಮಾಣವೇ ಬೇರೆ. ಅಲ್ಲಿ ಖಾತೆಗಳು ತಾಳೆಯಾಗುವುದಿಲ್ಲ, ಆಡಿಟ್ ಶುರು.

ಇಷ್ಟನ್ನೂ ಹೆಂಡತಿಗೆ ವಿವರಿಸಿದೆ. “ಹಂಗಾದ್ರ ಸೇಠ್ ಹೊರಗ ನೋಡ್ರಿ ಅಂತ ಹೇಳಲಿಲ್ಲೇನು?” ಎಂದಳು. ವಿಜ್ಞಾನ ಅಲ್ಲಿಗೆ ನಿಂತಿತು.

ಬದಲಾಯಿಸಿ ತರಲು ಸಮಯವಿರಲಿಲ್ಲ. ನವರಾತ್ರಿಯಲ್ಲಿ ಟೇಲರ್ ಸಿಗುವುದು ವಿರಾರ್ ಫಾಸ್ಟಿನಲ್ಲಿ ಸೀಟು ಸಿಕ್ಕಂತೆ. ಸಿಕ್ಕವನ ಕೈಗೆ ಅದನ್ನೇ ಕೊಟ್ಟೆವು. ಅವತ್ತು ಬೆಳಿಗ್ಗೆ ನವಿಲು ಸೀರೆ, ಮಿಂಚುಳ್ಳಿ ಬ್ಲೌಸ್ ತೊಟ್ಟು ನನ್ನನ್ನು ಕಣ್ಣಲ್ಲೇ ಸುಟ್ಟು ಆಫೀಸಿಗೆ ಹೋದಳು. ನಾನು ಸಂಜೆಯ ಅಡುಗೆ ಮಾಡಿಟ್ಟೆ. ಉಪ್ಪಿಟ್ಟಿಗೆ ಗೋಡಂಬಿಯನ್ನೂ ಹಾಕಿದ್ದೆ.

ಬಂದವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳ ಆಫೀಸಿಗೆ ಕಿಟಕಿಗಳಿಲ್ಲ, ಹಗಲಿಡೀ ಟ್ಯೂಬ್‌ಲೈಟು. ಗೆಳತಿಯರೆಲ್ಲ “ಕಾಯ್ ಮಸ್ತ್ ಮ್ಯಾಚಿಂಗ್ ಆಹೇ!” ಎಂದು ಹೊಗಳಿ, ತಂದುಕೊಟ್ಟವರು ಯಾರೆಂದು ಕೇಳಿದರಂತೆ. ಇವಳು ಗಂಡ ಎಂದಳಂತೆ, ಅದೂ ಹೆಮ್ಮೆಯಿಂದ.

ಆಮೇಲೆ ಕೈಚೀಲದಿಂದ ಮೂರು ಸೀರೆ ತೆಗೆದಳು. “ಶಿಂದೆ ಬಾಯಿದು, ಪಾಟೀಲ ಬಾಯಿದು, ಇದು ನಮ್ಮ ಮ್ಯಾನೇಜರ್ ಮೇಡಂದು. ನಾಳೆ ಅದೇ ಅಂಗಡಿಗೆ ಹೋಗಿಬರ್ರಿ.”