ಪಾರ್ಕ್ ಮಾಡಿ ಮಾರಾಯ್ರೇ, ಆದರೆ ಮಳೆಗಾಲಕ್ಕೂ ಆಗುವಂಥದ್ದು ಮಾಡಿ

ನಮ್ಮ ಬಡಾವಣೆಯ ಖಾಲಿ ಜಾಗಕ್ಕೆ ಅಂತೂ ಪಾರ್ಕ್ ಬರುತ್ತಿದೆ. ಖುಷಿಯೇ. ಸಾಗರದಲ್ಲಿ ಸಂಜೆ ಹೊತ್ತು ಸುಮ್ನೆ ಎಲ್ಲಾದರೂ ಕೂತು ಬರೋಣ ಅಂದರೆ ನನಗೆ ಮೊದಲು ನೆನಪಾಗುವುದು ಗಣಪತಿ ಕೆರೆ ದಂಡೆ. ಮನೆ ಪಕ್ಕದಲ್ಲೇ ಒಂದು ಜಾಗ ಆಗುತ್ತೆ ಅಂದರೆ ಯಾರಿಗೆ ಬೇಡ?

ಮೊನ್ನೆ ಮೀಟಿಂಗಿನಲ್ಲಿ ಪ್ಲಾನ್ ತೋರಿಸಿದರು. ದೊಡ್ಡ ಕಲರ್ ಪ್ರಿಂಟ್. ನಡುವೆ ಕಾರಂಜಿ, ಸುತ್ತ ಲಾನ್, ಇಂಟರ್‌ಲಾಕ್ ಹಾಕಿದ ವಾಕಿಂಗ್ ಪಾತ್, ಒಂದು ಮೂಲೆಯಲ್ಲಿ ಓಪನ್ ಜಿಮ್. ಚಿತ್ರದಲ್ಲಿ ಹತ್ತಿಪ್ಪತ್ತು ಜನ ಓಡಾಡುತ್ತಿದ್ದಾರೆ. ಒಬ್ಬರ ಕೈಯಲ್ಲೂ ಕೊಡೆ ಇಲ್ಲ! ಬಯಲುಸೀಮೆಯ ಯಾವುದೋ ಊರಿಗೆ ಮಾಡಿದ ಪ್ಲಾನಿಗೆ ನಮ್ಮೂರ ಹೆಸರು ಅಂಟಿಸಿದ್ದಾರೋ ಏನೋ.

ಅಭಿಪ್ರಾಯ ಹೇಳಿ ಅಂದಾಗ ಎಲ್ಲರೂ ಶುರು ಮಾಡಿದರು. ಹುಡುಗರಿಗೆ ಶಟಲ್ ಕೋರ್ಟ್ ಬೇಕು. ಮೇಷ್ಟ್ರಿಗೆ ವಾಕಿಂಗ್ ಪಾತ್ ಇನ್ನೂ ಅಗಲ ಬೇಕು. ಇಬ್ಬರು ಕಾರು ನಿಲ್ಲಿಸಲು ಜಾಗ ಕೇಳಿದರು. (ಪಾರ್ಕಿಗೆ ನಡೆದು ಬರುವ ದೂರದಲ್ಲೇ ಇಬ್ಬರ ಮನೆಯೂ ಇದೆ ಅನ್ನೋದು ಬೇರೆ ಮಾತು.) ಒಂದು ಮೂಲೆಗೆ ಗಣಪತಿ ಗುಡಿ ಬರಲಿ ಅಂತ ಹಿಂದಿನ ಸಾಲಿನಿಂದ ದನಿ ಬಂತು. ಸಾರ್ವಜನಿಕ ಪಾರ್ಕಿನಲ್ಲಿ ಹೊಸದಾಗಿ ಅನಧಿಕೃತ ಗುಡಿ, ಮಸೀದಿ, ಚರ್ಚ್ ಯಾವುದನ್ನೂ ಕಟ್ಟಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಬೇಕು.

ಮಳೆಗಾಲದಲ್ಲಿ ಈ ಪಾರ್ಕ್ ಹೇಗಿರುತ್ತೆ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಜಿಲ್ಲೆಯದೇ ಆದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಹೊಯ್ಯುತ್ತೆ. ಸಾಗರಕ್ಕೆ ಅಷ್ಟಿಲ್ಲ, ಒಪ್ಪಿದೆ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬದುಕು ಮಳೆ ಹೇಳಿದಂತೆ ತಾನೇ ನಡೆಯುವುದು?

ಇಂಟರ್‌ಲಾಕ್ ವಿಷಯವನ್ನೇ ತಗೊಳ್ಳಿ. ಆರಿದ್ರಾ ಮಳೆ ಹಿಡಿದು ಹದಿನೈದು ದಿನಕ್ಕೆ ಅದರ ಮೇಲೆ ತೆಳ್ಳಗೆ ಪಾಚಿ ಕಟ್ಟುತ್ತೆ. ನೋಡಿದರೆ ಏನೂ ಇಲ್ಲ ಅನಿಸುತ್ತೆ, ಕಾಲಿಟ್ಟರೆ ಜರ್ರನೆ ಜಾರುತ್ತೆ. ಹಳ್ಳಿ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸುವುದು ಇದಕ್ಕೇ ಅಲ್ವಾ? ವಾಕಿಂಗ್‌ಗೆ ಬರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಸೊಂಟ ಮುರಿದುಕೊಂಡರೆ ಯಾರು ನೋಡಿಕೊಳ್ಳುತ್ತಾರೆ? ಜಲ್ಲಿ, ಕೆಮ್ಮಣ್ಣು ಹಾಕಿ ಗಟ್ಟಿ ಮಾಡಿ, ನಡುವೆ ಸ್ವಲ್ಪ ಉಬ್ಬಿಸಿ, ಎರಡೂ ಬದಿಗೆ ಚರಂಡಿ ಬಿಟ್ಟರೆ ಸಾಕು. ಎಲ್ಲಾ ಕಡೆ ಇಂಟರ್‌ಲಾಕ್ ಮುಚ್ಚಿದರೆ ನೀರು ಇಂಗುವುದಾದರೂ ಎಲ್ಲಿ? ಸೀದಾ ಕೆಳಗಿನ ಕ್ರಾಸಿನ ಮನೆಗಳಿಗೆ ನುಗ್ಗುತ್ತೆ. ಈಗ ಆ ನೀರೆಲ್ಲ ಬಂದು ನಿಲ್ಲುವುದು ಜಾಗದ ತಗ್ಗು ಮೂಲೆಯಲ್ಲಿ. ಪ್ಲಾನಿನಲ್ಲಿ ಅದಕ್ಕೆ ಮಣ್ಣು ತುಂಬಿ ಮಟ್ಟ ಮಾಡುತ್ತಾರಂತೆ. ದಯವಿಟ್ಟು ಬೇಡ. ಅಲ್ಲಿ ಎರಡು ಮೂರು ಇಂಗುಗುಂಡಿ ತೋಡಿ, ಸುತ್ತ ನೇರಳೆ, ಹೊಂಗೆ, ರಂಜೆ ನೆಡಿ.

ತಗ್ಗು ಬಿಟ್ಟರೆ ಸೊಳ್ಳೆ ಆಗುತ್ತೆ ಅಂದರು ಒಬ್ಬರು. ನ್ಯಾಯವಾದ ಮಾತೇ. ಡೆಂಗಿ ಎಷ್ಟು ಕಾಡಿತ್ತು ಅಂದರೆ 2024ರಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಬೇಕಾಯಿತು. ಆದರೆ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರುವಷ್ಟು ಬೆಳೆಯಲು ಸುಮಾರು ಒಂದು ವಾರ ಬೇಕು, ಅಷ್ಟು ದಿನ ನಿಂತ ನೀರೂ ಬೇಕು. ಸರಿಯಾಗಿ ತೋಡಿದ ಇಂಗುಗುಂಡಿಯಲ್ಲಿ ಮಳೆ ಹೊಳವಾದ ಮೇಲೆ ನೀರು ಅಷ್ಟು ದಿನ ನಿಲ್ಲುವುದಿಲ್ಲ. ನನಗೆ ಭಯ ಇರುವುದು ಕಾರಂಜಿಯದ್ದು. ಉದ್ಘಾಟನೆ ದಿನ ಚಿಮ್ಮುತ್ತೆ, ಆಮೇಲೆ ಮೋಟಾರು ಸುಡುತ್ತೆ, ತೊಟ್ಟಿಯಲ್ಲಿ ನೀರು ಉಳಿಯುತ್ತೆ. ಲಾನ್ ಕೂಡ ಅಷ್ಟೇ. ಏಪ್ರಿಲ್‌ನಲ್ಲಿ ಕುಡಿಯೋ ನೀರಿಗೇ ಪರದಾಡುವಾಗ ಹುಲ್ಲಿಗೆ ದಿನಾ ನೀರು ಬಿಡುವವರು ಯಾರು?

ಓಪನ್ ಜಿಮ್ ಬೇಕೇ ಬೇಕು ಅನ್ನುವವರು ಒಂದು ಸಲ ಯಾವುದಾದರೂ ಹಳೇ ಓಪನ್ ಜಿಮ್ ನೋಡಿ ಬನ್ನಿ. ಹಿಡಿಕೆ ಮುಟ್ಟಿದರೆ ಅಂಗೈಯೆಲ್ಲ ತುಕ್ಕು.

ಆ ದುಡ್ಡಿಗೆ ಒಂದು ಉದ್ದನೆಯ ಜಗಲಿ ಕಟ್ಟಿ. ಮಂಗಳೂರು ಹಂಚಿನ ಮಾಡು, ಎರಚಲು ಒಳಗೆ ಬರದಷ್ಟು ಮುಂದೆ ಚಾಚಿದ ಸೂರು, ಕೂರಲು ಕಟ್ಟೆ. ಪುಷ್ಯ ಮಳೆ ಹೊಯ್ಯುವಾಗ ವಾರಗಟ್ಟಲೆ ಮನೆಯೊಳಗೇ ಟಿವಿ ನೋಡುತ್ತಾ ಕೂರುವ ಅಜ್ಜ ಅಜ್ಜಿಯರು ಬಂದು ಹರಟೆ ಹೊಡೆಯಲಿ. ಮಕ್ಕಳು ಕೇರಂ ಆಡಲಿ. ಹೆಂಗಸರ ಸ್ವಸಹಾಯ ಸಂಘದ ಮೀಟಿಂಗೂ ಅಲ್ಲೇ ಆದೀತು. ಬೇಸಿಗೆಯಲ್ಲಿ ನೆರಳು ಹೇಗೂ ಸಿಗುತ್ತೆ.

ಹಂಚಿನ ಮಾಡಿಗೆ ಖರ್ಚು ಜಾಸ್ತಿ ಅಂತ ಅಂಗಡಿ ಭಟ್ರು ಆಗಲೇ ತಕರಾರು ತೆಗೆದಿದ್ದಾರೆ. ಭಟ್ರೇ, ಹಳೇ ಮನೆ ಕೆಡವಿ ತಾರಸಿ ಹಾಕಿಸಿಕೊಂಡವರ ಹಿತ್ತಲಲ್ಲಿ ಹಂಚಿನ ರಾಶಿ ಹಾಗೇ ಬಿದ್ದಿದೆ. ಪಕಾಸಿಗೆ ಮರ ಹೊಂದಿಸಿದರಾಯಿತು. ನಮ್ಮ ಮನೆಯದ್ದು ಒಂದಷ್ಟು ನಾನೇ ಕೊಡುತ್ತೇನೆ. ಉಳಿದವರು ಮುಂದಿನ ಮೀಟಿಂಗಿಗೆ ಬರುವ ಮುಂಚೆ ನಿಮ್ಮ ಹಿತ್ತಲಲ್ಲಿ ಎಷ್ಟಿದೆ ಅಂತ ಎಣಿಸಿಕೊಂಡು ಬನ್ನಿ.