ರಿಜಿಸ್ಟ್ರೇಷನ್ ನೋಡಿದರೆ ಸಾಲದು

ಸಾಮಾನು ಮಾರಿ, ಹೊಸಬರನ್ನು ಸೇರಿಸಿ ಕಮಿಷನ್ ಗಳಿಸುವ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸೇರುವ ಮುಂಚೆ ಕಂಪನಿ ರಿಜಿಸ್ಟರ್ ಆಗಿದೆಯಾ, ಜಿಎಸ್‌ಟಿ ನಂಬರ್ ಇದೆಯಾ ನೋಡಿಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟೇ ಆದರೆ ಮೋಸ ಮಾಡುವವರ ಹತ್ತಿರವೂ ಎರಡೂ ಇರುತ್ತವೆ ಸ್ವಾಮಿ! ಕೇಳಬೇಕಾದ ಪ್ರಶ್ನೆ ಬೇರೆ: ಹೊಸಬರು ಯಾರೂ ಸೇರದೇ ಹೋದರೆ, ಬರೀ ಸಾಮಾನು ಮಾರಿ ನನಗೆ ಎಷ್ಟು ಉಳಿಯುತ್ತದೆ? ಇದನ್ನು ಕೇಳಿದ ತಕ್ಷಣ 'ಅಪ್‌ಲೈನ್' (ನಮ್ಮನ್ನು ಸೇರಿಸಿದ) ಮಹಾಶಯರು ಮಾತು ಬದಲಿಸಿ ಕಾರು, ಫಾರಿನ್ ಟೂರ್ ಫೋಟೋ ತೋರಿಸೋಕೆ ಶುರು ಮಾಡಿದರೆ ಅರ್ಥವಾಯ್ತಲ್ವಾ.

'ಬರೀ ಐದು ಜನರನ್ನು ಸೇರಿಸಿ ಸಾಕು' ಅನ್ನುತ್ತಾರೆ. ಸುಮ್ನೆ ಲೆಕ್ಕ ಹಾಕಿ ನೋಡಿ. ನೀವು ಐದು, ಅವರು ತಲಾ ಐದು, ಹೀಗೇ ಹೋದರೆ 11ನೇ ಹಂತ ಮುಗಿಯುವಷ್ಟರಲ್ಲಿ ಒಟ್ಟು 6.1 ಕೋಟಿ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ, ತೊಟ್ಟಿಲ ಕೂಸೂ ಸೇರಿ! ಕೊನೆಯ ಹಂತದಲ್ಲೇ ಸುಮಾರು 4.9 ಕೋಟಿ ಜನ, ಅಂದರೆ ಐದರಲ್ಲಿ ನಾಲ್ವರಿಗೆ ಸೇರಿಸೋಕೆ ಯಾರೂ ಉಳಿದಿರುವುದಿಲ್ಲ.

'ನಮ್ಮಲ್ಲಿ ಪ್ರಾಡಕ್ಟ್ ಇದೆ, ಇದು ಪಿರಮಿಡ್ ಅಲ್ಲ' ಅನ್ನುವುದು ಇನ್ನೊಂದು ವರಸೆ. ಪಿರಮಿಡ್ ಅಂದರೆ ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಸಿಗುವ ಸ್ಕೀಮು. ಅಂಗಡಿಯಲ್ಲಿ ಅಂಥದ್ದೇ ಸೋಪು, ಪ್ರೋಟೀನ್ ಪುಡಿ ಎಷ್ಟಕ್ಕೆ ಸಿಗುತ್ತದೆ ನೋಡಿ. ಸದಸ್ಯರಲ್ಲದವರು ಆ ಬೆಲೆಗೆ ಕೊಳ್ಳುತ್ತಾರಾ? ತಿಂಗಳು ತಿಂಗಳು ಇಷ್ಟು ತಗೊಳ್ಳಲೇಬೇಕು ಅಂದರೆ ಗಿರಾಕಿ ನೀವೇ.

ಇನ್ನು ಕಾನೂನು ಇಲ್ಲ ಅಂತೇನಿಲ್ಲ. ಜನರನ್ನು ಸೇರಿಸಿದರೆ ಸುಲಭವಾಗಿ ದುಡ್ಡು ಅಂತ ಆಸೆ ತೋರಿಸುವ 'ಹಣ ಚಲಾವಣೆ' ಸ್ಕೀಮುಗಳಿಗೆ 1978ರಲ್ಲೇ ನಿಷೇಧವಿದೆ, 2021ರ ಡೈರೆಕ್ಟ್ ಸೆಲ್ಲಿಂಗ್ (ಅಂಗಡಿಯಿಲ್ಲದೆ ನೇರ ಮಾರಾಟ) ನಿಯಮಗಳಲ್ಲಿ ಪಿರಮಿಡ್ ಸ್ಕೀಮಿಗೂ. ಆದರೆ ಸೇರಿಸಿದವರು ನಮ್ಮ ಭಾವನೋ ಚಿಕ್ಕಮ್ಮನೋ ಆಗಿರುತ್ತಾರೆ, ದೂರು ಕೊಡೋರು ಯಾರು?